ಐವತ್ತೊಂದು ಬಾವಿಗಳ ಮಣ್ಣುರಸ್ತೆ

ಪರ್ತ್‌ನಲ್ಲಿರುವ ಗೆಳೆಯನೊಬ್ಬ ಹೋದ ತಿಂಗಳು ಒಂದು ಎಕ್ಸೆಲ್ ಶೀಟ್ ಕಳಿಸಿ "ನೀನೂ ಬರ್ತೀಯೇನೋ?" ಅಂತ ಕೇಳಿದ. ಮೂರು ವಾರದ ಪ್ರವಾಸ, ಜೀಪಿನಲ್ಲಿ, ಪೂರ್ತಿ ಮಣ್ಣುರಸ್ತೆ. ಶೀಟಿನಲ್ಲಿ ಹೋಟೆಲ್ ಇಲ್ಲ, ನೋಡಬೇಕಾದ ಜಾಗಗಳ ಪಟ್ಟಿಯೂ ಇಲ್ಲ. ಇದ್ದದ್ದು ಬರೀ ನಂಬರ್‌ಗಳು. ವೆಲ್ 1, ವೆಲ್ 2, ವೆಲ್ 3... ಹೀಗೇ ವೆಲ್ 51ರ ತನಕ. ಇದೇನಪ್ಪಾ ಬಾವಿ ಲೆಕ್ಕ ಅಂತ ಹುಡುಕಲು ಕೂತವನು ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ರಜೆ ಸಿಗದ ಕಾರಣ ಪ್ರವಾಸಕ್ಕಂತೂ ಹೋಗುತ್ತಿಲ್ಲ. ಓದಿದ್ದನ್ನಾದರೂ ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ :)

ರಸ್ತೆಯ ಹೆಸರು ಕ್ಯಾನಿಂಗ್ ಸ್ಟಾಕ್ ರೂಟ್. ಪಶ್ಚಿಮ ಆಸ್ಟ್ರೇಲಿಯಾದ ವಿಲೂನಾ ಎಂಬ ಊರಿನಿಂದ ಉತ್ತರದ ಹಾಲ್ಸ್ ಕ್ರೀಕ್ ತನಕ ಸುಮಾರು 1850 ಕಿ.ಮೀ. ಲಿಟ್ಲ್ ಸ್ಯಾಂಡಿ, ಗಿಬ್ಸನ್, ಗ್ರೇಟ್ ಸ್ಯಾಂಡಿ ಮರುಭೂಮಿಗಳನ್ನು ಸೀಳಿಕೊಂಡು ಹೋಗುತ್ತದೆ. ದಾರಿಯಲ್ಲಿ ಒಂಬೈನೂರಕ್ಕೂ ಹೆಚ್ಚು ಮರಳ ದಿಬ್ಬಗಳನ್ನು ಹತ್ತಿ ಇಳಿಯಬೇಕು. ರಸ್ತೆ ಅಂತ ಕರೆಯುತ್ತಾರೆ ಅಷ್ಟೇ, ಇರುವುದು ಎರಡು ಚಕ್ರದ ಗುರುತು.

ಇದು ಕಾರಿಗಾಗಿ ಆದ ದಾರಿಯೇ ಅಲ್ಲ, ದನಗಳಿಗಾಗಿ ಆದದ್ದು. ಅದಕ್ಕೆ ಕಾರಣ, ನಂಬಿದರೆ ನಂಬಿ, ಉಣುಗು!

1892ರಲ್ಲಿ ಕೂಲ್ಗಾರ್ಡಿಯಲ್ಲಿ, ಮರುವರ್ಷ ಕಾಲ್ಗೂರ್ಲಿಯಲ್ಲಿ ಚಿನ್ನ ಸಿಕ್ಕಿತು. ಜನ ಸಾವಿರಗಟ್ಟಲೆ ನುಗ್ಗಿದರು. ಅವರಿಗೆಲ್ಲ ತಿನ್ನಲು ಮಾಂಸ ಬೇಕು. ದನಗಳಿರುವುದು ದೂರದ ಉತ್ತರದಲ್ಲಿ, ಕಿಂಬರ್ಲಿ ಸೀಮೆಯಲ್ಲಿ. ಅದರಲ್ಲೂ ಪೂರ್ವ ಕಿಂಬರ್ಲಿಯ ದನಗಳಿಗೆ ಉಣುಗಿನ ಕಾಟ. ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವ ಉಣುಗಿನ ಜಾತಿ ಬೇರೆ, ಆದರೆ ಕೆಲಸ ಅಂಥದ್ದೇ. ಇದು ದನಗಳಿಗೆ ಕೆಂಪುಮೂತ್ರದ ಜ್ವರ ತರಿಸುತ್ತದೆ. ಹಡಗಿನಲ್ಲಿ ತಂದರೆ ಉಣುಗೂ ದಕ್ಷಿಣಕ್ಕೆ ಬರುತ್ತದೆ ಎಂದು ಆ ದನಗಳನ್ನು ತಡೆದರು. ಮಾರುಕಟ್ಟೆ ಪಶ್ಚಿಮ ಕಿಂಬರ್ಲಿಯ ಸಾಹುಕಾರರ ಕೈಗೆ ಹೋಯಿತು, ಮಾಂಸದ ಬೆಲೆ ಏರಿತು. ಆಗ, 1905ರಲ್ಲಿ, ಜೇಮ್ಸ್ ಇಸ್ಡೆಲ್ ಎಂಬ ಶಾಸಕ ಒಂದು ಉಪಾಯ ಹೇಳಿದ. ದನಗಳನ್ನು ಮರುಭೂಮಿಯ ಮೇಲೆ ನಡೆಸಿಕೊಂಡು ಬಂದರೆ ಆ ಒಣಹವೆಗೆ ಉಣುಗು ದಾರಿಯಲ್ಲೇ ಸತ್ತು ಉದುರುತ್ತದೆ!

ಉಪಾಯವೇನೋ ಸರಿ. ದನಕ್ಕೆ ನೀರು? ಒಂದು ದಿನದ ನಡಿಗೆಗೆ ಒಂದರಂತೆ ಬಾವಿ ಬೇಕು. ಮರುಭೂಮಿಯಲ್ಲಿ ಎಲ್ಲಿ ಅಗೆದರೆ ನೀರು ಬರುತ್ತದೆ ಅಂತ ಬಿಳಿಯರಿಗೆ ಗೊತ್ತಿರಲಿಲ್ಲ. 1897ರಲ್ಲಿ ಫ್ರಾಂಕ್ ಹ್ಯಾನ್ ಎಂಬಾತ ಹಳ್ಳಗಳ ಜಾಡು ಹಿಡಿದು, ಮುಂದೆ ಸಿಹಿನೀರಿನ ಸರೋವರ ಸಿಕ್ಕೇ ಸಿಗುತ್ತದೆಂದು ಹೋಗಿ, ಉಪ್ಪಿನ ಬಯಲು ಕಂಡು, ಆ ಜಾಗಕ್ಕೆ 'ನಿರಾಶೆಯ ಸರೋವರ' ಎಂದೇ ಹೆಸರಿಟ್ಟುಬಂದಿದ್ದ.

ಗೊತ್ತಿದ್ದವರು ಅಲ್ಲಿಯೇ ಇದ್ದರು. ಮಾರ್ಟು ಮೊದಲಾದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಆ ನೀರನ್ನೇ ನಂಬಿ ಬದುಕಿದವರು. ಎಂದೂ ಬತ್ತದ ಒರತೆಗೆ ಅವರು 'ಜಿಲಾ' ಎನ್ನುತ್ತಾರೆ, ಜೀವಂತ ನೀರು ಎಂಬ ಅರ್ಥದಲ್ಲಿ. ಅದರಲ್ಲಿ ಮಳೆ ತರುವ ಪೂರ್ವಜ ಹಾವು ನೆಲೆಸಿದೆ ಎಂಬ ನಂಬಿಕೆ. ನಾಗಬನ ಕಂಡಿರುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1906ರಲ್ಲಿ ಸರ್ಕಾರ ಆಲ್ಫ್ರೆಡ್ ಕ್ಯಾನಿಂಗ್ ಎಂಬ ಸರ್ವೇಯರ್‌ನನ್ನು ಕಳಿಸಿತು. ಮೊಲಗಳನ್ನು ತಡೆಯಲು ಕಟ್ಟಿದ ಉದ್ದದ ಬೇಲಿಗೆ ಸರ್ವೇ ಮಾಡಿ ಹೆಸರಾಗಿದ್ದವನು. ಎಂಟು ಜನ, 23 ಒಂಟೆಗಳು, ಎರಡು ಕುದುರೆಗಳು. ಸಾಮಾನಿನ ಜೊತೆ ಕುತ್ತಿಗೆಗೆ ಹಾಕುವ ಸರಪಳಿಗಳನ್ನೂ ತೆಗೆದುಕೊಂಡಿದ್ದ. ಅವು ಒಂಟೆಗಳಿಗಲ್ಲ. ಮೂಲನಿವಾಸಿಗಳನ್ನು ಹಿಡಿದು, ಸರಪಳಿ ಹಾಕಿ, ನೀರಿನ ಜಾಗ ತೋರಿಸುವ ತನಕ ಬಿಡದೆ ಇಟ್ಟುಕೊಳ್ಳುತ್ತಿದ್ದರು. ಬಾಯಾರಿಕೆ ಹೆಚ್ಚಲಿ ಎಂದು ಉಪ್ಪು ಮಾಂಸ ತಿನ್ನಿಸುತ್ತಿದ್ದರು ಎಂಬುದು ಆ ಜನರ ಹಿರಿಯರು ಹೇಳುತ್ತ ಬಂದಿರುವ ಮಾತು. ಕ್ಯಾನಿಂಗ್ ನಕ್ಷೆಯಲ್ಲಿ ಒಂದೊಂದೇ ಚುಕ್ಕೆ ಬಿದ್ದದ್ದು ಹೀಗೆ.

ಇದು ಹೊರಗೆ ಬಂದದ್ದು ತಂಡದ ಅಡುಗೆಯವನಿಂದ. ಎಡ್ವರ್ಡ್ ಬ್ಲೇಕ್ ಅಂತ ಅವನ ಹೆಸರು. ವಾಪಸು ಬಂದವನೇ ದೂರು ಕೊಟ್ಟ. 1908ರಲ್ಲಿ ರಾಯಲ್ ಕಮಿಷನ್ ಕೂತಿತು. ಸರಪಳಿ ಹಾಕಿದ್ದನ್ನು ಕ್ಯಾನಿಂಗ್ ಅಲ್ಲಗಳೆಯಲೇ ಇಲ್ಲ, ಒಪ್ಪಿಕೊಂಡ. ಆದರೂ ಕಮಿಷನ್ ಅವನನ್ನು ನಿರ್ದೋಷಿ ಎಂದಿತು! ಅದೇ ವರ್ಷ ಬಾವಿ ತೋಡಲು ಅವನನ್ನೇ ಮತ್ತೆ ಕಳಿಸಿದರು. ಈ ಸಲ 30 ಜನ, 70 ಒಂಟೆ, 100 ಟನ್ ಸಾಮಾನು, ಜೊತೆಗೆ ಹಾಲಿಗೂ ಮಾಂಸಕ್ಕೂ ಆಗಲಿ ಎಂದು 267 ಆಡುಗಳು. 1910ರ ಹೊತ್ತಿಗೆ ಕೆಲಸ ಮುಗಿಯಿತು. ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದರೆ ಸಾಮಾನ್ಯ ಸಾಧನೆಯಲ್ಲ, ಅದನ್ನು ಒಪ್ಪಲೇಬೇಕು. ಆದರೆ ಎಷ್ಟೋ ಬಾವಿಗಳನ್ನು ತೋಡಿದ್ದು ಅವೇ ಒರತೆಗಳ ಮೇಲೆ. ದನಕ್ಕೆ ನೀರು ಸೇದುವ ಭಾರದ ಬಕೆಟ್ಟು, ರಾಟೆ ಬಂತು. ಅದುವರೆಗೆ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದವರಿಗೆ ತಮ್ಮದೇ ನೀರು ಕೈಗೆಟುಕದಂತಾಯಿತು. ಅವರು ಬಾವಿಗಳನ್ನು ಕೆಡವಿದ್ದರಲ್ಲಿ ಆಶ್ಚರ್ಯವೇನಿದೆ?

1911ರಲ್ಲಿ ದನ ಹೊಡೆದುಕೊಂಡು ಹೊರಟ ಥಾಮ್ಸನ್ ಮತ್ತು ಶೂಸ್ಮಿತ್ ಎಂಬಿಬ್ಬರು ವೆಲ್ 37ರ ಬಳಿ ಕೊಲೆಯಾದರು, ಜೊತೆಗಿದ್ದ ಒಬ್ಬ ಮೂಲನಿವಾಸಿಯೂ ಸತ್ತ. ಸೇಡಿಗೆ ಹೊರಟ ಪೊಲೀಸರು ಹಲವರನ್ನು ಗುಂಡಿಟ್ಟು ಕೊಂದರು. ಇಷ್ಟೆಲ್ಲ ಆಗಿ ದಾರಿ ಬಳಕೆಯಾದದ್ದು ಎಷ್ಟು ಗೊತ್ತೇ? 1911ರಿಂದ 1931ರವರೆಗೆ ಇಪ್ಪತ್ತು ವರ್ಷದಲ್ಲಿ ಎಂಟೇ ಎಂಟು ಮಂದೆ! ಹಾಳಾದ ಬಾವಿಗಳ ದುರಸ್ತಿಗೆ ಕ್ಯಾನಿಂಗ್ ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಮತ್ತೆ ಬರಬೇಕಾಯಿತು. ಕೊನೆಯ ಮಂದೆ ನಡೆದದ್ದು 1959ರಲ್ಲಿ. ಒಂಬತ್ತು ವರ್ಷದ ನಂತರ, 1968ರಲ್ಲಿ, ಮೂವರು ಸರ್ವೇಯರ್‌ಗಳು ಮೊದಲ ಬಾರಿಗೆ ಇಡೀ ದಾರಿಯನ್ನು ವಾಹನದಲ್ಲಿ ಕ್ರಮಿಸಿದರು. ಆಮೇಲೆ ಇದು ಫೋರ್ ವೀಲ್ ಡ್ರೈವ್ ಮಂದಿಯ ಕಾಶಿಯಾಯಿತು.

ಈಗ ಗೆಳೆಯನ ಎಕ್ಸೆಲ್ ಶೀಟಿಗೆ ಬರೋಣ. ಬೇಸಗೆಯಲ್ಲಿ ಹೋಗುವಂತಿಲ್ಲ, ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಮುಗಿಸಬೇಕು. ಅದು ಅವರ ಚಳಿಗಾಲ. ವಿಲೂನಾ ಬಿಟ್ಟರೆ ಡೀಸೆಲ್ ಸಿಗುವ ಊರು ವೆಲ್ 33ರ ಹತ್ತಿರದ ಕುನವರಿಟ್ಜಿ, ಸುಮಾರು 1000 ಕಿ.ಮೀ. ದೂರ. ಹೊರಡುವ ಮೊದಲು ಸಿಗುತ್ತದೋ ಇಲ್ಲವೋ ವಿಚಾರಿಸಿಕೊಂಡೇ ಹೋಗಬೇಕು. ಮರಳಿನಲ್ಲಿ 100 ಕಿ.ಮೀ.ಗೆ 20 ಲೀಟರ್ ಎಂದು ಹಿಡಿದರೂ 200 ಲೀಟರ್ ಹೊತ್ತೊಯ್ಯಬೇಕು. ನಾಲ್ಕು ಜನಕ್ಕೆ ದಿನಕ್ಕೆ ತಲಾ 5 ಲೀಟರ್ ನೀರು ಅಂದರೆ 18 ದಿನಕ್ಕೆ 360 ಲೀಟರ್. ಅಷ್ಟು ಭಾರ ಹೊತ್ತ ಗಾಡಿ ದಿಬ್ಬ ಹತ್ತುವುದು ಕಷ್ಟ. ಆದ್ದರಿಂದ ಸ್ವಲ್ಪ ನೀರು ಬಾವಿಗಳಿಂದಲೇ ಸೇದಬೇಕು. ಎಲ್ಲ ಬಾವಿಗಳಲ್ಲೂ ನೀರಿಲ್ಲ, ಎಷ್ಟೋ ಕುಸಿದು ಹೋಗಿವೆ. ವೆಲ್ 26ರಂಥ ಕೆಲವನ್ನು ಮಾತ್ರ ಮತ್ತೆ ಕಟ್ಟಿದ್ದಾರೆ, ಅದನ್ನು 1983ರಲ್ಲಿ. ಸೇದಿದ ನೀರನ್ನು ಕುದಿಸಿ ಕುಡಿಯಬೇಕು. ಇನ್ನು ಟೈರಿನ ಗಾಳಿ ಇಳಿಸುವುದು, ದಿಬ್ಬದ ಆಚೆಯಿಂದ ಬರುವವರಿಗೆ ಕಾಣಲೆಂದು ಉದ್ದ ಕೋಲಿಗೆ ಬಾವುಟ ಕಟ್ಟುವುದು, ಸ್ಯಾಟಲೈಟ್ ಫೋನು, ಎರಡು ಸ್ಪೇರ್ ಟೈರು... ಇವೆಲ್ಲ ಇದ್ದೇ ಇವೆ.

ಕೊನೆಯ ಸಾಲಿನಲ್ಲಿ 'ಪರ್ಮಿಟ್' ಅಂತಿದೆ. ಗೆಳೆಯ ಅದನ್ನು ಟೋಲ್ ಗೇಟಿನ ಹಾಗೆ ಖರ್ಚಿನ ಪಟ್ಟಿಗೆ ಸೇರಿಸಿದ್ದ. ನನಗೆ ಮಾತ್ರ ಇಡೀ ಶೀಟಿನಲ್ಲಿ ಅದೇ ದೊಡ್ಡ ಸಾಲು ಅನ್ನಿಸಿತು. 1992ರ ಮಾಬೋ ತೀರ್ಪು ಬರುವ ತನಕ, ಬಿಳಿಯರು ಬರುವ ಮೊದಲು ಈ ನೆಲಕ್ಕೆ ಒಡೆಯರೇ ಇರಲಿಲ್ಲ ಎಂಬುದೇ ಆಸ್ಟ್ರೇಲಿಯಾದ ಕಾನೂನಾಗಿತ್ತು. 2002ರಲ್ಲಿ ಮಾರ್ಟು ಜನರಿಗೆ ಸುಮಾರು 1,36,000 ಚದರ ಕಿ.ಮೀ. ನೆಲದ ಮೇಲೆ ಹಕ್ಕು ಸಿಕ್ಕಿತು. ಅಂದರೆ ನಮ್ಮ ಕರ್ನಾಟಕದ ಮುಕ್ಕಾಲು ಭಾಗದಷ್ಟು ನಾಡು. ಹಾಗಾಗಿ ಇವತ್ತು ಆ ದಾರಿಯಲ್ಲಿ ಹೋಗುವವರು ನೆಲದವರ ಅನುಮತಿ ಕೇಳಬೇಕು. 'ನಿರಾಶೆಯ ಸರೋವರ'ಕ್ಕೂ 2020ರಲ್ಲಿ ಅದರ ಹಳೆಯ ಹೆಸರು, ಕುಂಪುಪಿಂಟಿಲ್, ಅಧಿಕೃತವಾಗಿ ಮರಳಿತು.

ಗಾಡಿ ಬದಲಾಗಿದೆ, ನಕ್ಷೆ ಮೊಬೈಲಿಗೆ ಬಂದಿದೆ. ಆದರೆ ಆ ದಾರಿಯ ಪ್ಲಾನು ಈಗಲೂ ನೀರಿನ ಪ್ಲಾನೇ. ಆ ನೀರನ್ನು ತೋರಿಸಿಕೊಟ್ಟವರ ಹೆಸರು ಯಾವ ಬಾವಿಯ ಮೇಲೂ ಇಲ್ಲ, ಇರುವುದು ನಂಬರ್ ಮಾತ್ರ. ಕ್ಯಾನಿಂಗ್ ಸರಪಳಿ ಹಾಕಿ ಕಿತ್ತುಕೊಂಡದ್ದನ್ನು ಈಗಿನವರು ಒಂದು ಅರ್ಜಿ ಹಾಕಿ ಕೇಳುತ್ತಾರೆ. ಅರ್ಜಿ ತುಂಬಲು ಹತ್ತು ನಿಮಿಷ ಸಾಕು, ಆದರೆ ಆ ಅರ್ಜಿ ಹುಟ್ಟಲು ತೊಂಬತ್ತು ವರ್ಷ ಬೇಕಾಯಿತು. "ಪರ್ಮಿಟ್ ದುಡ್ಡಿಗೆ ಗೊಣಗಬೇಡ ಮಾರಾಯ" ಅಂತ ಗೆಳೆಯನಿಗೆ ಬರೆದಿದ್ದೇನೆ.

ನಮ್ಮ ಕಡೆಯೂ ಜಾತ್ರೆಗೆ ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿಗಳು, ಆ ದಾರಿಯ ಕಟ್ಟೆ-ಬಾವಿಗಳು ಇದ್ದವಲ್ಲ. ನಿಮ್ಮೂರಿನ ಅಂಥ ದಾರಿಯ ಬಗ್ಗೆ ಮನೆಯ ಹಿರಿಯರಿಂದ ಕೇಳಿದ್ದರೆ ದಯವಿಟ್ಟು ಬರೆಯಿರಿ. ಓದಲು ಕಾದಿದ್ದೇನೆ.