ವಾದಿ, ವಾಗ್ಮಿ, ಸಭಾಪತಿ : ಸಭಾಸಂಬಂಧಿ ಪದಗಳ ಪರಿಶೀಲನೆ

ಸಭೆಯನ್ನು ನಡೆಸುವವನಿಗೂ ಸಭೆಯಲ್ಲಿ ಮಾತನಾಡುವವನಿಗೂ ಇಂದಿನ ಕನ್ನಡದಲ್ಲಿ ಹೆಚ್ಚಾಗಿ ಬಳಕೆಯಾಗುವ ಪದಗಳು ಕೆಲವೇ: ಅಧ್ಯಕ್ಷ, ಸಭಾಪತಿ, ಭಾಷಣಕಾರ, ವಾಗ್ಮಿ. ಜೈನ ಶಾಸ್ತ್ರಗ್ರಂಥಗಳಲ್ಲಿಯೂ ಶಾಸನಗಳಲ್ಲಿಯೂ ಈ ಪದಸಂಪತ್ತು ಇದಕ್ಕಿಂತ ವಿಪುಲವಾಗಿದೆ. ಮೇಲಾಗಿ ಅಲ್ಲಿ ಒಂದೊಂದು ಪದಕ್ಕೂ ಒಂದೊಂದು ಕರ್ತವ್ಯ ನಿಯತವಾಗಿದೆ. ಇವನ್ನು ಬರಿಯ ಸ್ತುತಿವಾಚಕಗಳೆಂದು ಭಾವಿಸಿದರೆ ಪ್ರಶಸ್ತಿಗಳ ಅರ್ಥ ಮಸುಕಾಗುವುದಲ್ಲದೆ ಗ್ರಂಥಕರ್ತೃಗಳ ನಿರ್ಣಯದಲ್ಲಿಯೂ ಪ್ರಮಾದಕ್ಕೆ ಎಡೆಯಾಗುತ್ತದೆ.

ಜೈನಪರಂಪರೆಗೆ ಸಭೆಯ ಆದರ್ಶವೆಂದರೆ ಹನ್ನೆರಡು ಕೋಷ್ಠಗಳ ಸಮವಸರಣ. ಅಲ್ಲಿ ಹೊಮ್ಮುವುದು ತೀರ್ಥಂಕರರ ದಿವ್ಯಧ್ವನಿ. ಅದನ್ನು ಗ್ರಹಿಸಿ ದ್ವಾದಶಾಂಗರೂಪದಲ್ಲಿ ನಿಲ್ಲಿಸುವವನು ಗಣಧರ. ವರ್ಧಮಾನಸ್ವಾಮಿಗೆ ಕೇವಲಜ್ಞಾನ ಉದಿಸಿದ ಮೇಲೂ ಗಣಧರನ ಅಭಾವದಿಂದ 66 ದಿನಗಳ ಕಾಲ ದಿವ್ಯಧ್ವನಿ ಹೊರಡಲಿಲ್ಲವೆಂದು ಜಯಧವಲಾ ಟೀಕೆ ಹೇಳುತ್ತದೆ. ಇಂದ್ರಭೂತಿ ಗೌತಮನು ಬಂದ ಬಳಿಕವೇ ವಿಪುಲಾಚಲದಲ್ಲಿ ಪ್ರಥಮ ದೇಶನೆಯಾಯಿತು. ಮೂಡುಬಿದಿರೆಯ ತಾಡವೋಲೆಗಳಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದ ಈ ಟೀಕೆಯ ಮಾತು ವಿಚಾರಾರ್ಹವಾದುದು. ನುಡಿಯುವವನಿದ್ದ ಮಾತ್ರಕ್ಕೆ ಸಭೆ ಪೂರ್ಣವಾಗದು. ನುಡಿಯನ್ನು ಧರಿಸುವವನೂ ಬೇಕು. ‘ಗಣಧರ’ ಪದದ ಸ್ವಾರಸ್ಯ ಆ ಧಾರಣೆಯಲ್ಲಿದೆ.

ಲೌಕಿಕ ವಿದ್ವತ್ಸಭೆಗೆ ಬಂದರೆ, ನುಡಿಬಲ್ಲವರು ಚತುರ್ವಿಧ: ಕವಿ, ಗಮಕಿ, ವಾದಿ, ವಾಗ್ಮಿ. ಜಿನಸೇನಾಚಾರ್ಯರು ಆದಿಪುರಾಣದ ಆರಂಭದಲ್ಲಿ ಈ ನಾಲ್ಕು ವರ್ಗಗಳನ್ನು ಹೆಸರಿಸಿ, ನಾಲ್ಕರಲ್ಲಿಯೂ ಸಮಂತಭದ್ರರ ಯಶಸ್ಸೇ ಶಿರೋಮಣಿಯೆಂದು ಸ್ತುತಿಸಿದ್ದಾರೆ. ಪರಂಪರೆಯ ವಿವರಣೆಯಂತೆ ಹೊಸ ಸಂದರ್ಭವನ್ನು ರಚಿಸುವವನು ಕವಿ. ಕೃತಿಯ ಮರ್ಮವನ್ನು ಭೇದಿಸಿ ತೋರುವವನು ಗಮಕಿ. ಪರಪಕ್ಷವನ್ನು ಜಯಿಸುವ ಮಾತುಳ್ಳವನು ವಾದಿ. ಜನರ ಮನಸ್ಸನ್ನು ರಂಜಿಸುವವನು ವಾಗ್ಮಿ. ಇಂದು ‘ಗಮಕಿ’ ಎಂದರೆ ಕಾವ್ಯವನ್ನು ರಾಗವಾಗಿ ವಾಚಿಸುವವನು. ಈ ಅರ್ಥವನ್ನು ಪ್ರಾಚೀನ ಪ್ರಶಸ್ತಿಗಳಿಗೆ ಆರೋಪಿಸಿದರೆ ವ್ಯಾಖ್ಯಾನಕಾರನು ಗಾಯಕನಾಗಿಬಿಡುತ್ತಾನೆ.

ಈ ನಾಲ್ವರಲ್ಲಿ ಶಾಸನಗಳು ಬಹುವಾಗಿ ಕೊಂಡಾಡಿರುವುದು ವಾದಿಯನ್ನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿ ಇದಕ್ಕೆ ಉತ್ತಮ ನಿದರ್ಶನ. ಸಮಂತಭದ್ರರು ಪಾಟಲಿಪುತ್ರ, ಮಾಳವ, ಸಿಂಧು, ಠಕ್ಕ, ಕಾಂಚೀಪುರ, ವಿದಿಶೆಗಳಲ್ಲಿ ವಾದಭೇರಿಯನ್ನು ಹೊಡೆದು ಕರಹಾಟಕಕ್ಕೆ ಬಂದ ವೃತ್ತಾಂತ ಅದರಲ್ಲಿದೆ. ಅಕಲಂಕ, ವಾದಿರಾಜ ಮೊದಲಾದವರ ವಾದಕೀರ್ತಿಯೂ ಅಲ್ಲಿಯೇ ದೊರೆಯುತ್ತದೆ. ಆದರೆ ಬಿರುದೇ ಹೆಸರಾಗಿ ನಿಂತಾಗ ತೊಡಕು ಹುಟ್ಟುತ್ತದೆ. ‘ವಾದೀಭಸಿಂಹ’ ಎಂಬುದು ಇದೇ ಪ್ರಶಸ್ತಿಯಲ್ಲಿ ಅಜಿತಸೇನರ ಬಿರುದು. ಗದ್ಯಚಿಂತಾಮಣಿ, ಕ್ಷತ್ರಚೂಡಾಮಣಿಗಳ ಕರ್ತೃವಾದ ಒಡೆಯದೇವನ ಬಿರುದೂ ಅದೇ. ಇಬ್ಬರೂ ಒಬ್ಬರೇ ಎಂಬ ಚರ್ಚೆಗೆ ಈ ಸಾಮ್ಯವೇ ಆಸ್ಪದವಾಯಿತು. 1025ರಲ್ಲಿ ಪಾರ್ಶ್ವನಾಥಚರಿತವನ್ನು ಮುಗಿಸಿದ ವಾದಿರಾಜಸೂರಿಗಳೂ 16ನೆಯ ಶತಮಾನದ ಸೋದೆಯ ಮಾಧ್ವಯತಿಗಳೂ ಒಂದೇ ನಾಮದಿಂದ ಪ್ರಸಿದ್ಧರು. ಹಸ್ತಪ್ರತಿಯ ಅಂತ್ಯದಲ್ಲಿ ‘ವಾದಿ’ ಶಬ್ದವನ್ನು ಕಂಡೊಡನೆ ಕರ್ತೃವನ್ನು ನಿಶ್ಚಯಿಸುವುದು ಯುಕ್ತವಲ್ಲ. ಗುರುಪರಂಪರೆ, ಗಣಗಚ್ಛಗಳ ಸಾಕ್ಷ್ಯವೂ ಕೂಡಿಬರಬೇಕು.

ವಾದಿಯ ಕೀರ್ತಿ ಇಷ್ಟು ವಿಸ್ತಾರವಾದರೂ ಶಾಸ್ತ್ರಕಾರರು ವಾದವನ್ನು ಅವನೊಬ್ಬನಿಗೆ ಬಿಟ್ಟುಕೊಟ್ಟಿಲ್ಲ. ಅಕಲಂಕದೇವರು ಸಿದ್ಧಿವಿನಿಶ್ಚಯದಲ್ಲಿ ಅದನ್ನು ಚತುರಂಗವೆಂದಿದ್ದಾರೆ: ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ ಎಂಬ ನಾಲ್ಕು ಅಂಗಗಳಿಲ್ಲದೆ ಅದು ಸಿದ್ಧಿಸದು. ಈ ಗ್ರಂಥದ ಮೂಲಪ್ರತಿ ದೊರೆಯದೆ, ಅನಂತವೀರ್ಯರ ಟೀಕೆಯಿಂದ ಮೂಲವನ್ನು ಸಂಗ್ರಹಿಸಿ ಮಹೇಂದ್ರಕುಮಾರ ನ್ಯಾಯಾಚಾರ್ಯರು 1959ರಲ್ಲಿ ಪ್ರಕಟಿಸಿದುದನ್ನು ವಿದ್ವಾಂಸರು ಬಲ್ಲರು. 12ನೆಯ ಶತಮಾನದ ಶ್ವೇತಾಂಬರಾಚಾರ್ಯ ವಾದಿದೇವಸೂರಿಗಳು ಪ್ರಮಾಣನಯತತ್ತ್ವಾಲೋಕದಲ್ಲಿ ಈ ಅಂಗಗಳನ್ನು ಲಕ್ಷಣಸಹಿತ ನಿರೂಪಿಸಿದ್ದಾರೆ. ಸಭ್ಯರು ಉಭಯಪಕ್ಷಗಳಿಗೂ ಸಮ್ಮತರಾಗಿರಬೇಕು. ಸಭಾಪತಿಗೆ ಪ್ರಜ್ಞೆ, ಆಜ್ಞಾಶಕ್ತಿ, ಐಶ್ವರ್ಯ, ಕ್ಷಮೆ, ಮಾಧ್ಯಸ್ಥ್ಯ ಎಂಬ ಗುಣಗಳಿರಬೇಕು. ಉಕ್ತವಾದುದನ್ನು ಅವಧರಿಸುವುದು ಮತ್ತು ಕಲಹವನ್ನು ನಿವಾರಿಸುವುದು ಅವನ ಕಾರ್ಯ. ಈ ಪಟ್ಟಿಯಲ್ಲಿ ವಾಗ್ಮಿತ್ವವಿಲ್ಲ. ಕೇಳುವುದು ಮತ್ತು ಯಾವ ಕಡೆಗೂ ವಾಲದಿರುವುದು, ಇವೇ ಆ ಪೀಠದ ಅರ್ಹತೆಗಳು.

ಈ ಲಕ್ಷಣಗಳ ಅಗತ್ಯ ಎಷ್ಟೆಂಬುದಕ್ಕೆ ವಾದಿದೇವಸೂರಿಗಳ ಜೀವನದ ಪ್ರಸಂಗವೇ ಸಾಕ್ಷಿ. ವಿಕ್ರಮ ಸಂವತ್ 1181ರಲ್ಲಿ ಅಣಹಿಲಪಾಟಕದಲ್ಲಿ, ಸಿದ್ಧರಾಜ ಜಯಸಿಂಹನ ಸಭೆಯಲ್ಲಿ, ಅವರಿಗೂ ಕರ್ಣಾಟಕದಿಂದ ಬಂದ ದಿಗಂಬರ ವಿದ್ವಾಂಸ ಕುಮುದಚಂದ್ರರಿಗೂ ವಾದ ನಡೆದು, ಕುಮುದಚಂದ್ರರು ಸೋತರೆಂದು ಶ್ವೇತಾಂಬರ ಪ್ರಬಂಧಗಳು ಹೇಳುತ್ತವೆ. ಸೋತ ಪಕ್ಷ ಆ ಪಟ್ಟಣವನ್ನೇ ತೊರೆಯಬೇಕೆಂಬುದು ಅಲ್ಲಿಯ ಪಣ. ಒಂದು ಸಮುದಾಯದ ನೆಲೆಯೇ ಪಣವಾಗಿರುವಲ್ಲಿ ಸಭಾಪತಿಯ ಮಾಧ್ಯಸ್ಥ್ಯ ಎಂಥ ಹೊಣೆಯೆಂಬುದು ಸ್ಪಷ್ಟ. ಈ ವೃತ್ತಾಂತವನ್ನು ಬರೆದವರು ಗೆದ್ದವರ ಕಡೆಯವರು. ಮಲ್ಲಿಷೇಣ ಪ್ರಶಸ್ತಿಯೂ ಸ್ವಪಕ್ಷದ ಜಯಗಳನ್ನೇ ಹಾಡುತ್ತದೆ. ಇಂತಹ ದಾಖಲೆಗಳನ್ನು ಓದುವವನೂ ಸಭಾಪತಿಯ ಗುಣವನ್ನು ಅಭ್ಯಸಿಸಬೇಕಾಗುತ್ತದೆ.

ನಾಡಿನ ಮತ್ತು ಪಟ್ಟಣದ ಮುಖಂಡರಿಗೆ ಸಲ್ಲುತ್ತಿದ್ದ ಹೆಸರುಗಳ ಆಧಾರ ಬೇರೆ. ಹೊಂಬುಜದಲ್ಲಿ 1062ರಲ್ಲಿ ಜಿನಾಲಯವನ್ನು ಕಟ್ಟಿಸಿದ ನೊಕ್ಕಯ್ಯಸೆಟ್ಟಿ ‘ಪಟ್ಟಣಸ್ವಾಮಿ’, ಎಂದರೆ ಪಟ್ಟಣದ ವರ್ತಕಸಮೂಹಕ್ಕೆ ಮುಖ್ಯ. ಬೆಂಗಳೂರಿನ ಉತ್ತರಕ್ಕಿರುವ ಯಲಹಂಕವನ್ನು ಆಳಿದ ಕೆಂಪೇಗೌಡರ ಮನೆತನ ‘ಯಲಹಂಕ ನಾಡಪ್ರಭು’ ಎಂಬ ಹೆಸರಿನಿಂದ ಪ್ರಸಿದ್ಧ. ಸ್ವಾಮಿ, ಪ್ರಭು ಎಂಬಲ್ಲಿ ಅಧಿಕಾರ ಪದವಿಯಿಂದಲೂ ನೆಲದಿಂದಲೂ ಬಂದುದು. ಶಾಸ್ತ್ರೋಕ್ತ ಸಭಾಪತಿಗಾದರೋ ಐಶ್ವರ್ಯದೊಡನೆ ಕ್ಷಮೆ, ಮಾಧ್ಯಸ್ಥ್ಯಗಳೂ ವಿಹಿತ.

ಇಂದು ಅದೇ ಬೆಂಗಳೂರಿನ ವಿಧಾನಸೌಧದಲ್ಲಿ ವಿಧಾನಪರಿಷತ್ತಿನ ಪೀಠಸ್ಥರಿಗೆ ‘ಸಭಾಪತಿ’, ವಿಧಾನಸಭೆಯ ಪೀಠಸ್ಥರಿಗೆ ‘ಸಭಾಧ್ಯಕ್ಷ’ ಎಂಬ ಹೆಸರುಗಳಿವೆ. ಎರಡನೆಯದಕ್ಕೆ ಪರ್ಯಾಯವಾಗಿ ಬಳಸುವ ‘ಸ್ಪೀಕರ್’ ಎಂಬ ಆಂಗ್ಲಪದದ ಅರ್ಥ ಮಾತನಾಡುವವನೆಂದು. ಸಭೆಯ ಪರವಾಗಿ ಅರಸನೆದುರು ನುಡಿಯುತ್ತಿದ್ದುದರಿಂದ ಬಂದ ಹೆಸರದು. ಆದರೆ ಆ ಪೀಠದಲ್ಲಿರುವವರು ಚರ್ಚೆಯಲ್ಲಿ ಪಕ್ಷ ವಹಿಸುವಂತಿಲ್ಲ. ಹೆಸರು ವಾದಿಗೆ ಹತ್ತಿರ, ಕರ್ತವ್ಯ ಸಭಾಪತಿಯದು.

ಪ್ರಶಸ್ತಿಗಳನ್ನು ಅನುವಾದಿಸುವಾಗಲೂ ಹಸ್ತಪ್ರತಿಗಳ ಸೂಚಿಯನ್ನು ಸಿದ್ಧಪಡಿಸುವಾಗಲೂ ವಾದಿ, ವಾಗ್ಮಿ, ಗಮಕಿ, ಸಭ್ಯ, ಸಭಾಪತಿ ಎಂಬ ಪದಗಳನ್ನು ಇದ್ದಂತೆಯೇ ಉಳಿಸಿ, ಅವುಗಳ ಕರ್ತವ್ಯಭೇದವನ್ನು ಗುರುತಿಸುವುದು ಉಚಿತ. ಎಲ್ಲರನ್ನೂ ‘ಮಹಾವಿದ್ವಾಂಸ’ನೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೆ, ಮಾತಿಗಿಂತ ಮಾಧ್ಯಸ್ಥ್ಯವನ್ನು ಪೀಠದಲ್ಲಿ ಕೂರಿಸಿದ ಒಂದು ಪರಂಪರೆಯ ವಿವೇಕವೇ ಅಳಿಸಿಹೋಗುತ್ತದೆ.