ಮರಳುಗಾಡಿನಿಂದ ಮನೆಯಂಗಳಕ್ಕೆ: ದೊಡ್ಡ ಸಾಹಸ ಮೋಟಾರ್‌ಸೈಕಲ್ಲುಗಳ ತೂಕದ ಚರಿತ್ರೆ

ಜರ್ಮನಿಯಲ್ಲಿ ಮಾರ್ಚ್ ತಿಂಗಳು ಕಾಲಿಟ್ಟೊಡನೆ, ಚಳಿಗಾಲವಿಡೀ ಗ್ಯಾರೇಜುಗಳಲ್ಲಿ ಮುಸುಕು ಹೊದ್ದು ಮಲಗಿದ್ದ ಮೋಟಾರ್‌ಸೈಕಲ್ಲುಗಳು ಬೀದಿಗೆ ಬರುತ್ತವೆ. ಅದೇ ಹೊತ್ತಿಗೆ ನಮ್ಮ ಯುಗಾದಿ ಕೂಟವೂ ನಡೆಯುತ್ತದೆ. ಊಟ ಮುಗಿದ ಮೇಲೆ ನಲವತ್ತು ದಾಟಿದ ಸದಸ್ಯರ ಒಂದು ಗುಂಪು ವಾಹನ ನಿಲ್ದಾಣದ ಕಡೆಗೆ ಸರಿಯುವುದನ್ನು ತಾವೂ ಗಮನಿಸಿರಬಹುದು. ಅಲ್ಲಿನ ಚರ್ಚೆ ಬಹುಮಟ್ಟಿಗೆ ಒಂದೇ: ಬಿಎಂಡಬ್ಲ್ಯುವಿನ ಜಿಎಸ್ ಕೊಳ್ಳುವುದೋ, ಹೋಂಡಾದ ಆಫ್ರಿಕಾ ಟ್ವಿನ್ ಕೊಳ್ಳುವುದೋ, ಅಥವಾ ಕೆಟಿಎಂ, ಡುಕಾಟಿಗಳತ್ತ ಹೋಗುವುದೋ? ವೈದ್ಯ ವೃತ್ತಿಯವರಾದ ನಮ್ಮ ಬಳಿ ಮಂಡಿನೋವಿನ ವಿಚಾರದೊಂದಿಗೆ ಈ ಪ್ರಶ್ನೆಯೂ ಬರುವುದುಂಟು. ಕೆಲವೊಮ್ಮೆ ಕೊಳ್ಳಹೊರಟವರ ಮನೆಯವರೇ, ದನಿ ತಗ್ಗಿಸಿ, ಬೇರೊಂದು ಉದ್ದೇಶದಿಂದ ಅದೇ ಪ್ರಶ್ನೆಯನ್ನು ಕೇಳುತ್ತಾರೆ. ಇಬ್ಬರಿಗೂ ಉತ್ತರ ಮಾರಾಟದ ಪತ್ರಿಕೆಗಳಲ್ಲಿರುವುದಕ್ಕಿಂತ ಈ ವಾಹನಗಳ ಚರಿತ್ರೆಯಲ್ಲಿ ಹೆಚ್ಚಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಎಪ್ಪತ್ತರ ದಶಕದವರೆಗೆ ಇಂಥದೊಂದು ವರ್ಗವೇ ಇರಲಿಲ್ಲ. ಕಚ್ಚಾದಾರಿಗೆ ಹಗುರವಾದ, ಒಂದೇ ಸಿಲಿಂಡರಿನ ವಾಹನ. ಹೆದ್ದಾರಿಗೆ ಭಾರವಾದ ವಾಹನ. ದೂರ ಹೋಗಬೇಕೆಂದವರು ಕೈಗೆ ಸಿಕ್ಕಿದ್ದನ್ನು ಏರಿ ಹೋಗುತ್ತಿದ್ದರು. ಬ್ರಿಟಿಷ್ ಪತ್ರಕರ್ತ ಟೆಡ್ ಸೈಮನ್ 1973ರ ಅಕ್ಟೋಬರಿನಲ್ಲಿ ಲಂಡನ್ನಿನಿಂದ ಹೊರಟು, ನಾಲ್ಕು ವರ್ಷಗಳ ಕಾಲ ಆಫ್ರಿಕಾ, ಅಮೆರಿಕಾ ಖಂಡಗಳು, ಆಸ್ಟ್ರೇಲಿಯಾ ಮತ್ತು ಭಾರತವನ್ನು ಹಾದು ಮರಳಿದ್ದು 500 ಸಿಸಿಯ ಸಾಧಾರಣ ಟ್ರಯಂಫ್ ಟೈಗರ್ ಮೇಲೆ. ಅದು ಸಾಹಸಕ್ಕೆಂದು ಮಾಡಿದ ವಾಹನವೇ ಅಲ್ಲ. ಆ ಪ್ರವಾಸದ ಕುರಿತ ಅವರ ‘ಜುಪಿಟರ್ಸ್ ಟ್ರಾವೆಲ್ಸ್’ ಗ್ರಂಥವನ್ನು ಓದಿ ಮನೆ ಬಿಟ್ಟು ಹೊರಟವರು ಅನೇಕರು. ಅವರಲ್ಲಿ ಬಹಳಷ್ಟು ಮಂದಿ ಮುಂದೆ ಏರಿದ್ದು ಮಾತ್ರ ಅದಕ್ಕಿಂತ ಎಷ್ಟೋ ದೊಡ್ಡ ವಾಹನಗಳನ್ನು.

ಹೊಸ ವರ್ಗದ ಹುಟ್ಟು ಒಂದು ಸಂಕಟದಿಂದ ಆಯಿತು. ಎಪ್ಪತ್ತರ ದಶಕದ ಕೊನೆಗೆ ಜಪಾನಿನ ಪೈಪೋಟಿಯೆದುರು ಬಿಎಂಡಬ್ಲ್ಯುವಿನ ಮೋಟಾರ್‌ಸೈಕಲ್ ವಿಭಾಗ ಸೊರಗಿತ್ತು. ಅದೇ ಕಾಲಕ್ಕೆ ಜರ್ಮನಿಯ ಕಚ್ಚಾದಾರಿ ಸ್ಪರ್ಧೆಗಳಲ್ಲಿ 750 ಸಿಸಿಗೂ ಮೇಲ್ಪಟ್ಟ ವಾಹನಗಳಿಗೆ ಪ್ರತ್ಯೇಕ ವಿಭಾಗ ತೆರೆದಿತ್ತು. ಸಂಸ್ಥೆಯ ಪರೀಕ್ಷಾ ವಿಭಾಗದಲ್ಲಿದ್ದ ಲಾಸ್ಲೊ ಪೆರೆಸ್ ಎಂಬವರು ಅದಕ್ಕಾಗಿ 800 ಸಿಸಿಯ ವಾಹನವೊಂದನ್ನು ತಾವೇ ಕಟ್ಟಿ, 1978ರ ರಾಷ್ಟ್ರೀಯ ಸರಣಿಯಲ್ಲಿ ಎರಡನೆಯ ಸ್ಥಾನ ಪಡೆದರು. ಆ ಪ್ರಯೋಗದ ಬೆನ್ನಲ್ಲೇ, 1980ರ ಸೆಪ್ಟೆಂಬರಿನಲ್ಲಿ ಆರ್ 80 ಜಿ/ಎಸ್ ಪ್ರಕಟವಾಯಿತು. ಜಿ ಎಂದರೆ ಗೆಲೆಂಡೆ, ಕಾಡುಮೇಡಿನ ನೆಲ. ಎಸ್ ಎಂದರೆ ಶ್ಟ್ರಾಸೆ, ರಸ್ತೆ. ಎರಡರ ನಡುವಣ ಓರೆಗೆರೆಯೇ ಆ ವಾಹನದ ತತ್ತ್ವವಾಗಿತ್ತು. ಬರ್ಲಿನ್ನಿನ ಸ್ಪಾಂಡಾವ್ ಕಾರ್ಖಾನೆಯಲ್ಲಿ ತಯಾರಾದ ಇದರ ಶಕ್ತಿ 50 ಅಶ್ವಬಲ. ಇಂಧನ ತುಂಬಿದಾಗ ತೂಕ 186 ಕೆ.ಜಿ. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು.

ಅದನ್ನು ಜಗತ್ಪ್ರಸಿದ್ಧಗೊಳಿಸಿದ್ದು ಪ್ಯಾರಿಸ್-ಡಕಾರ್ ಸ್ಪರ್ಧೆ. ಸಹಾರಾದ ಮರಳಿನಲ್ಲಿ ದಾರಿ ತಪ್ಪಿ, ಬದುಕಿ ಬಂದ ಫ್ರೆಂಚ್ ಸವಾರ ಥಿಯರಿ ಸಬಿನ್ ಆರಂಭಿಸಿದ ಈ ಸ್ಪರ್ಧೆ ಮೊದಲ ಬಾರಿ 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಿಂದ ಹೊರಟಿತು. ಮೊದಲೆರಡು ಬಾರಿ ಗೆದ್ದ ಸಿರಿಲ್ ನವೊ ಏರಿದ್ದು ಯಮಹಾದ 500 ಸಿಸಿ ವಾಹನವನ್ನು. 1981ರಲ್ಲಿ ಯುಬೆರ್ ಓರಿಯೋಲ್ ಬಿಎಂಡಬ್ಲ್ಯುವಿನ ಮೇಲೆ ಗೆದ್ದರು. 1983ರಲ್ಲಿ ಮತ್ತೆ ಗೆದ್ದರು. ಆಮೇಲೆ ಎಲ್ಲ ಸಂಸ್ಥೆಗಳೂ ಮರಳುಗಾಡಿನ ಹೆಸರನ್ನು ಮಾರತೊಡಗಿದವು. ಯಮಹಾ 1983ರಲ್ಲಿ ಸಹಾರಾದ ಒಂದು ಭಾಗವಾದ ಟೆನೆರೆಯ ಹೆಸರನ್ನೇ ತನ್ನ ವಾಹನಕ್ಕಿಟ್ಟಿತು. 1986ರಿಂದ ಸತತ ನಾಲ್ಕು ಬಾರಿ ಗೆದ್ದ ಹೋಂಡಾ, 1988ರಲ್ಲಿ 650 ಸಿಸಿಯ ಆಫ್ರಿಕಾ ಟ್ವಿನ್ನನ್ನು ಅಂಗಡಿಗೆ ತಂದಿತು. ಇಂದು ನಮ್ಮ ಸದಸ್ಯರು ಹೋಲಿಸಿ ನೋಡುವ ಹೆಸರುಗಳಲ್ಲಿ ಅರ್ಧದಷ್ಟು ಆ ಹತ್ತು ವರ್ಷಗಳಲ್ಲಿಯೇ ಹುಟ್ಟಿದವು.

ಆದರೆ ಆ ಗೆಲುವುಗಳ ಒಳಗೆ ವೈದ್ಯರ ಕಣ್ಣಿಗೆ ಬೇರೆ ಸಂಗತಿಗಳು ಕಾಣುತ್ತವೆ. 1984 ಮತ್ತು 1985ರಲ್ಲಿ ಬಿಎಂಡಬ್ಲ್ಯುವಿಗೆ ಗೆಲುವು ತಂದ ಬೆಲ್ಜಿಯಮ್ಮಿನ ಗ್ಯಾಸ್ಟನ್ ರಾಯಿಯೆ ಗಿಡ್ಡ ಆಳು. ಮೂರು ಬಾರಿ 125 ಸಿಸಿ ಮೋಟೋಕ್ರಾಸ್ ವಿಶ್ವವಿಜೇತರಾಗಿದ್ದ ಅವರಿಗೆ, ಆ ಎತ್ತರದ ಮರುಭೂಮಿ ವಾಹನದ ಮೇಲೆ ಕುಳಿತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಒಂದು ಬದಿಯ ಪಾದಪಟ್ಟಿಯ ಮೇಲೆ ನಿಂತು, ವಾಹನವನ್ನು ಚಲಿಸಲು ಬಿಟ್ಟು, ಬಳಿಕ ಇನ್ನೊಂದು ಕಾಲನ್ನು ಮೇಲಕ್ಕೆ ಎಸೆದು ಕೂರುತ್ತಿದ್ದರು. ವಿಶ್ವವಿಜೇತನಿಗೆ ಇದು ಚಮತ್ಕಾರ. ಬವೇರಿಯಾದ ಇಳಿಜಾರಿನ ನಿಲ್ದಾಣದಲ್ಲಿ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡ ಸಾಫ್ಟ್‌ವೇರ್ ತಜ್ಞನಿಗೆ ಇದು ಅಪಾಯ. ಅಂಗಡಿಯವರು ಆಸನದ ಎತ್ತರವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ, ನಾವು ನಮ್ಮ ಎತ್ತರವನ್ನು ಸೆಂಟಿಮೀಟರಿನಲ್ಲಿ ಹೇಳುತ್ತೇವೆ. ಎರಡಕ್ಕೂ ನೇರ ಸಂಬಂಧವಿಲ್ಲ. ಲೆಕ್ಕಕ್ಕೆ ಬರುವುದು ತೊಡೆಸಂದಿನಿಂದ ಹಿಮ್ಮಡಿಯವರೆಗಿನ ಉದ್ದ ಮತ್ತು ಆಸನದ ಅಗಲ. ಒಂದೇ ಎತ್ತರದ ಇಬ್ಬರಲ್ಲಿ ಆ ಉದ್ದ ಬೇರೆಯಾಗಿರುವುದು ಸರ್ವೇಸಾಮಾನ್ಯ.

ಇನ್ನೊಂದು ಘಟನೆ 1987ರದು. ಆ ವರ್ಷ ಓರಿಯೋಲ್ ಇಟಲಿಯ ಕಜೀವಾ ಎಂಬ ವಾಹನದ ಮೇಲೆ ಸ್ಪರ್ಧೆಯ ಮುಂಚೂಣಿಯಲ್ಲಿದ್ದರು. ಡಕಾರ್ ತಲುಪಲು ಒಂದೇ ದಿನ ಉಳಿದಿತ್ತು. ಸೆನೆಗಲ್ಲಿನ ಪೊದೆಗಾಡಿನಲ್ಲಿ ಮರದ ಬೊಡ್ಡೆಗೆ ಬಡಿದು ಅವರ ಎರಡೂ ಕಾಲಿನ ಹರಡುಗಳು ಮುರಿದವು. ಆ ಸ್ಥಿತಿಯಲ್ಲೇ ಅವರು ಅಂದಿನ ಹಂತದ ಕೊನೆಯವರೆಗೆ ವಾಹನ ನಡೆಸಿದರು. ತಲುಪಿದ ಮೇಲೆ ತಾವಾಗಿ ಇಳಿಯಲಾಗಲಿಲ್ಲ. ಜನ ಹಿಡಿದು ಇಳಿಸಬೇಕಾಯಿತು. ಕಣ್ಣೀರಿಡುತ್ತಿದ್ದ ಆ ಮುಖವನ್ನು ಅಂದಿನ ದೂರದರ್ಶನದಲ್ಲಿ ಕಂಡ ಯುರೋಪಿಯನ್ನರು ಇಂದಿಗೂ ನೆನೆಯುತ್ತಾರೆ. ಗೆಲುವು ನವೊ ಪಾಲಾಯಿತು. ಓರಿಯೋಲ್ ಎದೆಗುಂದದೆ, 1992ರಲ್ಲಿ ಕಾರಿನಲ್ಲಿ ಅದೇ ಸ್ಪರ್ಧೆಯನ್ನು ಗೆದ್ದು, ಎರಡೂ ವಿಭಾಗಗಳಲ್ಲಿ ಜಯಿಸಿದ ಮೊದಲಿಗರಾದರು.

ಕಾಲಿನ ಹರಡಿನ ಕುರಿತು ಎರಡು ಮಾತು ಹೇಳದೆ ಮುಂದೆ ಹೋಗುವುದು ನಮ್ಮಿಂದಾಗದು. ಅಲ್ಲಿ ಮೂಳೆಯ ಮೇಲೆ ಮಾಂಸದ ಹೊದಿಕೆ ಬಹಳ ತೆಳು. ಆದ್ದರಿಂದ ಜಜ್ಜಿದ ಗಾಯ ಮಾಯುವುದು ನಿಧಾನ. ಸಕ್ಕರೆ ಕಾಯಿಲೆಯಿದ್ದರೆ ಇನ್ನೂ ನಿಧಾನ. ನಮ್ಮ ಸಮುದಾಯದಲ್ಲಿ ನಲವತ್ತಕ್ಕೇ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದನ್ನು ತಾವೆಲ್ಲ ಬಲ್ಲಿರಿ. ಕೀಲಿನ ಮೇಲ್ಮೈ ಕದಲಿ ಕೂಡಿಕೊಂಡರೆ ಮುಂದಿನ ವರ್ಷಗಳಲ್ಲಿ ಸವೆತ ಆರಂಭವಾಗುತ್ತದೆ. ಇದಕ್ಕೆ ಮಹಾವೇಗ ಬೇಕಿಲ್ಲ. ನಿಂತಲ್ಲೇ ವಾಲಿದ 250 ಕೆ.ಜಿ.ಯ ವಾಹನವನ್ನು ಕಾಲಿನಿಂದ ತಡೆಯಹೋದರೂ ಸಾಕು. ಪಕ್ಕದ ಅಲ್ಯೂಮಿನಿಯಂ ಪೆಟ್ಟಿಗೆಯ ಅಡಿಗೆ ಕಾಲು ಸಿಕ್ಕಿದರಂತೂ ಹೇಳುವುದೇ ಬೇಡ. ವಾಲಿದ ವಾಹನವನ್ನು ಬೀಳಲು ಬಿಡಿ. ಅದರ ಲೋಹವನ್ನು ಬದಲಿಸಬಹುದು. ಸಾಧಾರಣ ಶೂಗಳ ಬದಲು ಹರಡನ್ನು ಬಿಗಿಯಾಗಿ ಹಿಡಿಯುವ ಎತ್ತರದ ಬೂಟುಗಳಿಗೆ ಹಣ ತೆಗೆದಿರಿಸಿ, ಉಳಿದದ್ದರಲ್ಲಿ ವಾಹನ ಕೊಳ್ಳಿರಿ.

ಈಗ ಮತ್ತೆ ಆ 186ಕ್ಕೆ ಬರೋಣ. ತೊಂಬತ್ತರ ದಶಕದಲ್ಲಿ 1100 ಸಿಸಿಯ ಜಿಎಸ್ 240 ಕೆ.ಜಿ. ದಾಟಿತು. 1999ರ 1150 ಇನ್ನೂ ಭಾರವಾಯಿತು. 2004ರ 1200ನ್ನು ಎಂಜಿನಿಯರುಗಳು ಶ್ರಮಪಟ್ಟು 225ಕ್ಕೆ ಇಳಿಸಿದರು. ಆದರೆ 2018ರಲ್ಲಿ ಪ್ರಕಟವಾದ 1250ರ ಹೊತ್ತಿಗೆ ತೂಕ 249ಕ್ಕೆ ಮರಳಿತ್ತು. 2023ರ 1300ರಲ್ಲಿ 12 ಕೆ.ಜಿ. ಇಳಿಸಿ 237 ಮಾಡಿದ್ದನ್ನು ಸಂಸ್ಥೆ ಹೆಮ್ಮೆಯಿಂದ ಸಾರಿತು. 30 ಲೀಟರ್ ಇಂಧನ ಹಿಡಿಯುವ ಅದರ ‘ಅಡ್ವೆಂಚರ್’ ರೂಪವಂತೂ 269 ಕೆ.ಜಿ. ತಯಾರಕರನ್ನೇ ದೂರುವುದು ನ್ಯಾಯವಲ್ಲ. ಇಬ್ಬರು ಕುಳಿತು, ಮೂರು ಪೆಟ್ಟಿಗೆ ಕಟ್ಟಿ, ಆಟೋಬಾನಿನಲ್ಲಿ ದಿನವಿಡೀ ಓಡಬೇಕೆಂದು ಕೇಳಿದವರು ಗ್ರಾಹಕರೇ.

ಆ ಕೋರಿಕೆಗೆ ಕಿಚ್ಚು ಹಚ್ಚಿದ್ದು 2004ರ ‘ಲಾಂಗ್ ವೇ ರೌಂಡ್’ ಎಂಬ ದೂರದರ್ಶನ ಸರಣಿ. ನಟ ಯೂಅನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಲಂಡನ್ನಿನಿಂದ ಪೂರ್ವಾಭಿಮುಖವಾಗಿ ನ್ಯೂಯಾರ್ಕಿಗೆ ಹೊರಟರು. ಕೆಟಿಎಂ ಸಂಸ್ಥೆ ವಾಹನ ಕೊಡಲು ಒಪ್ಪಲಿಲ್ಲ, ಬಿಎಂಡಬ್ಲ್ಯು ಒಪ್ಪಿತು. ಜಾಹೀರಾತಿನ ಚರಿತ್ರೆಯಲ್ಲಿ ಇಷ್ಟು ದುಬಾರಿಯಾದ ನಿರಾಕರಣೆ ಅಪರೂಪ. ಆದರೆ ನೋಡಿದವರು ಮರೆಯುವ ಒಂದು ಭಾಗವಿದೆ. ಮಂಗೋಲಿಯಾದಲ್ಲಿ ಛಾಯಾಗ್ರಾಹಕ ಕ್ಲೌಡಿಯೊ ಫಾನ್ ಪ್ಲಾಂಟಾರ ಭಾರೀ ವಾಹನದ ಚೌಕಟ್ಟು ಮುರಿದಾಗ, ಸ್ಥಳೀಯವಾಗಿ ಕೊಂಡ ಅಗ್ಗದ, ಹಗುರವಾದ ರಷ್ಯನ್ ಇಜ್ ಮೋಟಾರ್‌ಸೈಕಲ್ಲಿನ ಮೇಲೆ ಅವರು ಪಯಣ ಮುಂದುವರಿಸಿದರು.

ಎಲ್ಲಕ್ಕಿಂತ ಕುತೂಹಲದ ಸಂಗತಿ ಡಕಾರ್ ಸ್ಪರ್ಧೆಯಲ್ಲೇ ನಡೆಯಿತು. 2002ರಲ್ಲಿ ಇಟಲಿಯ ಫಾಬ್ರಿಜಿಯೊ ಮೆಯೋನಿ ಕೆಟಿಎಂನ 950 ಸಿಸಿ ವಾಹನದ ಮೇಲೆ ಗೆದ್ದರು. ಮರುವರ್ಷ ಅದರ ಅಂಗಡಿಯ ರೂಪ ಹೊರಬಂತು. 2005ರ ಜನವರಿಯಲ್ಲಿ ಮೆಯೋನಿ ಮಾರಿಟೇನಿಯಾದ ಮರಳಿನಲ್ಲಿ ಅಸುನೀಗಿದರು. ಸವಾರರ ಸಾವುಗಳು ಒಂದರ ಮೇಲೊಂದು ಬಂದಂತೆ, ವೇಗವನ್ನು ತಗ್ಗಿಸುವ ನಿಯಮಗಳೂ ಒಂದೊಂದಾಗಿ ಬಂದವು. 2011ರಿಂದ ಎಲ್ಲ ಮೋಟಾರ್‌ಸೈಕಲ್ಲುಗಳಿಗೂ 450 ಸಿಸಿಯ ಮಿತಿ ವಿಧಿಸಲಾಯಿತು. ಅಂದರೆ, ದೊಡ್ಡ ಸಾಹಸ ವಾಹನಗಳನ್ನು ಜಗತ್ತಿಗೆ ಕೊಟ್ಟ ಸ್ಪರ್ಧೆಯೇ ಜಗತ್ತಿನ ಅತ್ಯಂತ ನಿಪುಣ ಸವಾರರಿಗೆ 450 ಸಾಕೆಂದು ನಿರ್ಧರಿಸಿತು. ಅದೇ ಹೊತ್ತಿಗೆ ಅಂಗಡಿಗಳು ವಾರಾಂತ್ಯದ ಸವಾರರಿಗೆ 1200 ಸಾಲದೆಂದು 1300ರತ್ತ ನಡೆದವು.

ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ಸ್ಪರ್ಧೆಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದದ್ದೂ 450 ಸಿಸಿಯ ವಾಹನದ ಮೇಲೆಯೇ. ಅವರಿಗೆ ದೊರೆತದ್ದು 36ನೆಯ ಸ್ಥಾನ. ಅದೇ ಸಂತೋಷ್ 2021ರಲ್ಲಿ ಸೌದಿ ಅರೇಬಿಯಾದ ಹಂತವೊಂದರಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಔಷಧದ ಮೂಲಕ ಪ್ರಜ್ಞಾಹೀನ ಸ್ಥಿತಿಯಲ್ಲಿಟ್ಟು ಉಳಿಸಿಕೊಳ್ಳಬೇಕಾಯಿತು. ಚಿಕ್ಕ ವಾಹನವೆಂದ ಮಾತ್ರಕ್ಕೆ ಅಪಾಯ ದೂರವಾಗದು ಎಂಬುದಕ್ಕಾಗಿ ಇದನ್ನೂ ಹೇಳಬೇಕು.

ಹಾಗಾದರೆ ಆರಿಸುವುದು ಯಾವುದನ್ನು? ಅಶ್ವಬಲದ ಹೋಲಿಕೆಗೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ. 50 ಅಶ್ವಬಲದಲ್ಲಿ ಜನ ಸಹಾರಾ ದಾಟಿದ್ದಾರೆ. ಹೊಸ ದೊಡ್ಡ ವಾಹನಗಳಲ್ಲಿ ನಿಜಕ್ಕೂ ಹಣಕ್ಕೆ ತಕ್ಕದ್ದು ಬ್ರೇಕು. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ 1988ರಲ್ಲೇ ಬಿಎಂಡಬ್ಲ್ಯುವಿನ ರಸ್ತೆ ವಾಹನಕ್ಕೆ ಬಂದಿತ್ತು. ವಾಹನ ವಾಲಿರುವ ಕೋನವನ್ನೂ ಅಳೆದು, ತಿರುವಿನ ನಡುವೆಯೂ ಬ್ರೇಕು ಹಿಡಿಯಲು ನೆರವಾಗುವ ಬಾಷ್ ಸಂಸ್ಥೆಯ ವ್ಯವಸ್ಥೆ 2013ರಲ್ಲಿ ಮೊದಲು ಬಂದದ್ದು ಕೆಟಿಎಂನ 1190 ಅಡ್ವೆಂಚರ್‌ನಲ್ಲಿ. ಹಳೆಯದನ್ನು ಕೊಳ್ಳುವವರು ಇದು ಇದೆಯೇ ಎಂದು ಮೊದಲು ಕೇಳಬೇಕು. ದಂಪತಿಗಳಾಗಿ ಆಲ್ಪ್ಸ್ ಸುತ್ತುವವರಿಗೆ ಜಿಎಸ್‌ನ ಶಾಫ್ಟ್ ಚಾಲನೆಯೂ ಅಗಲ ಆಸನವೂ ಸುಖ. ಚೈನಿಗೆ ಎಣ್ಣೆ ಹಾಕುವ ಗೋಜಿಲ್ಲ. ಎಡಗೈ ನೋವಿರುವವರಿಗೆ ಕ್ಲಚ್ ಹಿಡಿಯುವ ಅಗತ್ಯವೇ ಇಲ್ಲದ, ಹೋಂಡಾದ ಸ್ವಯಂಚಾಲಿತ ಗೇರಿನ ಆಫ್ರಿಕಾ ಟ್ವಿನ್ ಒಂದು ವರ. ಒಂಟಿಯಾಗಿ ಕಚ್ಚಾದಾರಿ ತುಳಿಯಬೇಕೆಂಬವರು ಈ ಪೈಕಿ ಯಾವುದನ್ನೂ ಕೊಳ್ಳದಿರುವುದೇ ಲೇಸು.

ಅಂಥವರಿಗಾಗಿ ಒಂದು ಸ್ವಾರಸ್ಯ: 2017ರಲ್ಲಿ ಬಂದ ಬಿಎಂಡಬ್ಲ್ಯುವಿನ ಜಿ 310 ಜಿಎಸ್ ಸುಮಾರು 170 ಕೆ.ಜಿ. ತೂಗುತ್ತಿತ್ತು. ಮೊದಲ ಜಿ/ಎಸ್‌ನ ತೂಕಕ್ಕೆ ಅದು ಇಂದಿನ 1300ಕ್ಕಿಂತ ಎಷ್ಟೋ ಹತ್ತಿರ. ಅದನ್ನು ತಯಾರಿಸಿದ್ದು ಬವೇರಿಯಾದಲ್ಲಲ್ಲ, ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನ ಟಿವಿಎಸ್ ಕಾರ್ಖಾನೆಯಲ್ಲಿ. ಅಲ್ಲಿಂದ ಹಡಗೇರಿ ಬಂದು ಜರ್ಮನಿಯ ಅಂಗಡಿಗಳಲ್ಲಿ ದೊಡ್ಡಣ್ಣನ ಪಕ್ಕದಲ್ಲೇ ಅದು ನಿಂತಿತು.

ಅಂಗಡಿಗೆ ಹೋಗುವಾಗ ಹಿಂದೆ ಕೂರುವವರನ್ನೂ ಕರೆದೊಯ್ಯಿರಿ. ಪ್ರವಾಸದಲ್ಲಿ ತೊಡುವ ಬೂಟನ್ನೇ ತೊಟ್ಟು, ಟ್ಯಾಂಕು ತುಂಬಿಸಿದ ವಾಹನದ ಮೇಲೆ ಇಬ್ಬರೂ ಕುಳಿತು, ಇಳಿಜಾರಿನಲ್ಲಿ ಅದನ್ನು ಹಿಂದಕ್ಕೆ ತಳ್ಳಿ ನೋಡಿರಿ. ಬಿದ್ದ ವಾಹನವನ್ನು ಬೆನ್ನು ನೇರವಾಗಿಟ್ಟು, ತೊಡೆಗಳ ಬಲದಿಂದ ಎತ್ತುವುದನ್ನು ಸುರಕ್ಷತಾ ತರಬೇತಿ ಶಿಬಿರಗಳಲ್ಲಿ ಕಲಿಸುತ್ತಾರೆ. ಕೊಳ್ಳುವ ಮೊದಲೇ ಅಲ್ಲಿಗೆ ಹೋಗಿ, ತಾವು ಆರಿಸಿದ ತೂಕದ ವಾಹನವನ್ನು ಒಮ್ಮೆ ಒಬ್ಬರೇ ಎತ್ತಿ ನಿಲ್ಲಿಸಿ ನೋಡಿರಿ.