ನೆಲದ ಇತಿಹಾಸ ಮತ್ತು ಇತಿಹಾಸಕಾರನ ಹೊಣೆ: ವಿಲಿಯಂ ಕ್ರೋನನ್ ಅವರ ಸಂಶೋಧನೆ

ಇತಿಹಾಸಕಾರರು ಬಹುಕಾಲ ಅರಸರನ್ನೂ ಯುದ್ಧಗಳನ್ನೂ ಶಾಸನಗಳನ್ನೂ ಕುರಿತು ವಿಚಾರಿಸಿದರೇ ಹೊರತು, ಅವುಗಳಿಗೆ ಆಧಾರವಾದ ನೆಲ, ಕಾಡು, ನೀರುಗಳನ್ನು ಕೇವಲ ರಂಗಸ್ಥಳವೆಂದೇ ಭಾವಿಸಿದರು. ಮನುಷ್ಯನು ನೆಲವನ್ನು ಮಾರ್ಪಡಿಸುತ್ತಾನೆ, ಆ ನೆಲವು ಮತ್ತೆ ಅವನ ಬಾಳನ್ನು ಮಾರ್ಪಡಿಸುತ್ತದೆ ಎಂಬ ತತ್ತ್ವವನ್ನು ಆಧರಿಸಿ ಬೆಳೆದ ಶಾಖೆಯೇ ಪರಿಸರ ಇತಿಹಾಸ. ಅಮೆರಿಕದಲ್ಲಿ ಈ ಶಾಖೆಗೆ ಪ್ರತಿಷ್ಠೆ ತಂದವರಲ್ಲಿ ವಿಲಿಯಂ ಕ್ರೋನನ್ ಪ್ರಮುಖರು. ಒಂದು ಪ್ರದೇಶದ ಆಳವಾದ ಅಧ್ಯಯನವು ಸಾರ್ವಜನಿಕ ಪ್ರಶ್ನೆಗಳ ವಿವೇಚನೆಗೆ ಹೇಗೆ ಒದಗಬಲ್ಲುದೆಂಬುದಕ್ಕೆ ಅವರ ವೃತ್ತಿಜೀವನವು ಉತ್ತಮ ನಿದರ್ಶನ.

1954ರಲ್ಲಿ ಜನಿಸಿದ ಕ್ರೋನನ್ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ಬೆಳೆದರು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದು, 1992ರಲ್ಲಿ ಮ್ಯಾಡಿಸನ್‌ಗೆ ಹಿಂದಿರುಗಿ, ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ ಅವರ ಹೆಸರಿನ ಪೀಠವನ್ನು ವಹಿಸಿಕೊಂಡರು. 2012ರಲ್ಲಿ ಅಮೆರಿಕದ ಇತಿಹಾಸ ಸಂಘದ ಅಧ್ಯಕ್ಷರಾಗಿದ್ದರು; 2020ರಲ್ಲಿ ನಿವೃತ್ತರಾದರು.

1983ರಲ್ಲಿ ಪ್ರಕಟವಾದ ಅವರ ಪ್ರಥಮ ಗ್ರಂಥದ ವಸ್ತು ನ್ಯೂ ಇಂಗ್ಲೆಂಡ್ ಪ್ರದೇಶ. ಐರೋಪ್ಯರು ಕಾಲಿಟ್ಟಾಗ ಅದು ಮನುಷ್ಯಸ್ಪರ್ಶವಿಲ್ಲದ ಕಾಡಾಗಿತ್ತೆಂಬ ನಂಬಿಕೆಯನ್ನು ಈ ಗ್ರಂಥವು ನಿರಾಕರಿಸುತ್ತದೆ. ಮೂಲನಿವಾಸಿಗಳು ಋತುವಿಗನುಸಾರವಾಗಿ ನೆಲೆ ಬದಲಿಸುತ್ತಿದ್ದರು. ಕಾಡಿನ ಪೊದೆಗಳನ್ನು ಸುಟ್ಟು ಬೇಟೆಗೆ ಅನುಕೂಲ ಮಾಡಿಕೊಳ್ಳುತ್ತಿದ್ದರು. ಅವರಿಗಿದ್ದುದು ನೆಲದ ಫಲವನ್ನು ಬಳಸುವ ಹಕ್ಕು. ವಲಸೆಗಾರರಿಗೆ ಬೇಕಾದದ್ದು ನೆಲದ ಪೂರ್ಣ ಒಡೆತನ. ಈ ಒಡೆತನದ ಹಿಂದೆಯೇ ಬೇಲಿ, ದನಕರು, ನೇಗಿಲುಗಳು ಬಂದವು. ತುಪ್ಪಳದ ವ್ಯಾಪಾರದಿಂದ ಬೀವರ್ ಪ್ರಾಣಿಗಳು ಕ್ಷೀಣಿಸಿದವು.

ಎರಡನೆಯ ಮಹಾಗ್ರಂಥವು (1991) ಷಿಕಾಗೋ ನಗರವನ್ನು ಕುರಿತದ್ದು. ಗಡಿನಾಡಿನಲ್ಲಿ ಮೊದಲು ಒಕ್ಕಲು, ಬಹುಕಾಲದ ಮೇಲೆ ನಗರ ಎಂಬುದು ಟರ್ನರ್ ಅವರ ಕ್ರಮ. ಕ್ರೋನನ್ ಅವರ ಮತದಲ್ಲಿ ನಗರವೂ ಹಳ್ಳಿನಾಡೂ ಒಂದನ್ನೊಂದು ನಿರ್ಮಿಸುತ್ತ ಏಕಕಾಲದಲ್ಲಿ ಬೆಳೆದವು. ಗೋಧಿ, ಮರಮುಟ್ಟು, ಮಾಂಸ ಎಂಬ ಮೂರು ಸರಕುಗಳ ಜಾಡನ್ನು ಹಿಡಿದು ಅವರು ಇದನ್ನು ಸ್ಥಾಪಿಸುತ್ತಾರೆ. ರೈತನು ಚೀಲದಲ್ಲಿ ಕಳುಹಿಸುತ್ತಿದ್ದ ಗೋಧಿ ಅವನ ಹೊಲದ್ದೆಂದೇ ಗುರುತು ಉಳಿಸಿಕೊಂಡಿರುತ್ತಿತ್ತು. ರೈಲುಮಾರ್ಗವೂ ಯಂತ್ರಚಾಲಿತ ಕಣಜಗಳೂ ಬಂದ ಮೇಲೆ ಹಲವರ ಗೋಧಿ ಒಂದೇ ರಾಶಿಯಲ್ಲಿ ಬೆರೆಯಿತು. ದರ್ಜೆ ಗೊತ್ತುಮಾಡಿದ ರಸೀದಿಯೇ ಮಾರಾಟದ ವಸ್ತುವಾಯಿತು. ಇತ್ತ ವಿಸ್ಕಾನ್ಸಿನ್, ಮಿಷಿಗನ್ ಕಾಡುಗಳ ಬಿಳಿ ಪೈನ್ ಮರಗಳು ಮರವಿಲ್ಲದ ಹುಲ್ಲುಗಾವಲಿನ ಮನೆಗಳಾದವು. ಶ್ರಮಿಕರ ಬಾಳಿಗೆ ಇಲ್ಲಿ ಸಾಕಷ್ಟು ಎಡೆ ದೊರೆತಿಲ್ಲವೆಂಬ ವಿಮರ್ಶಕರ ಆಕ್ಷೇಪಣೆ ನಿರಾಧಾರವಲ್ಲ. ಆದರೂ ಕೊಳ್ಳುವವನ ಕಣ್ಣಿಗೆ ಕಾಡೂ ಹೊಲವೂ ಮರೆಯಾದ ಬಗೆಯನ್ನು ಇಷ್ಟು ವಿಶದವಾಗಿ ತೋರಿಸಿದ ಗ್ರಂಥಗಳು ವಿರಳ.

ಈ ವಿಚಾರಸರಣಿಯ ಸಾರ್ವಜನಿಕ ಪರಿಣಾಮವು 1995ರ ಪ್ರಬಂಧವೊಂದರಿಂದ ಪ್ರಕಟವಾಯಿತು. ಮನುಷ್ಯನಿಲ್ಲದ ವನ್ಯಭೂಮಿ ಎಂಬುದೇ ಮನುಷ್ಯನ ಕಲ್ಪನೆ; ಅದನ್ನು ಮಾತ್ರ ಪವಿತ್ರವೆಂದು ಪೂಜಿಸುವವನು ತಾನು ನಿತ್ಯವೂ ಬಾಳುವ ನೆಲದ ಹೊಣೆಯನ್ನು ಮರೆಯುತ್ತಾನೆ ಎಂದು ಅವರು ವಾದಿಸಿದರು. ಅರಣ್ಯರಕ್ಷಣೆಗೆ ದುಡಿಯುತ್ತಿದ್ದ ಹಲವರು, ಈ ವಾದವು ವಿರೋಧಿಗಳ ಕೈಗೆ ಆಯುಧವಾದೀತೆಂದು ಕೆರಳಿದರು. ಆ ಭಯವನ್ನು ಅಲ್ಲಗಳೆಯುವಂತಿಲ್ಲ.

ಇದಕ್ಕೆ ಕ್ರೋನನ್ ಅವರಿತ್ತ ಸಮಾಧಾನವನ್ನು ಸುಪೀರಿಯರ್ ಸರೋವರದ ಅಪಾಸಲ್ ದ್ವೀಪಗಳನ್ನು ಕುರಿತು 2003ರಲ್ಲಿ ಬರೆದ ಲೇಖನದಲ್ಲಿ ಕಾಣಬಹುದು. ಇಂದು ದಟ್ಟವಾದ ಕಾಡು ಕವಿದಿರುವ ಈ ದ್ವೀಪಗಳು ಒಜಿಬ್ವೆ ಜನರ ನಾಡು. ಮುಂದೆ ಅಲ್ಲಿ ಮರ ಕಡಿದರು, ಕಲ್ಲುಗಣಿ ತೋಡಿದರು, ಮೀನು ಹಿಡಿದರು, ಬೇಸಾಯ ನಡೆಸಿದರು. ಕಾಡು ಮರಳಿ ಬೆಳೆದ ಈ ನೆಲವನ್ನು ವನ್ಯಭೂಮಿಯಾಗಿ ರಕ್ಷಿಸುವುದು ಯುಕ್ತವೇ; ಆದರೆ ಅದಕ್ಕಾಗಿ ಪೂರ್ವಿಕರ ಬಾಳಿನ ಕುರುಹುಗಳನ್ನು ಅಳಿಸಬಾರದೆಂಬುದು ಅವರ ನಿಲುವು. 2004ರಲ್ಲಿ ಅಲ್ಲಿನ ರಾಷ್ಟ್ರೀಯ ಸರೋವರತೀರದ ನೆಲದಲ್ಲಿ ಶೇಕಡ 80ರಷ್ಟು ಭಾಗವು ಕಾನೂನಿನ ಮೂಲಕ ವನ್ಯಭೂಮಿಯಾಯಿತು. ದೀಪಸ್ತಂಭಗಳ ನಿವೇಶನಗಳನ್ನು ಅದರಿಂದ ಹೊರಗಿರಿಸಲಾಯಿತು.

ರಕ್ಷಣೆಯೂ ಸ್ಮರಣೆಯೂ ಪರಸ್ಪರ ವಿರೋಧಿಗಳಲ್ಲವೆಂಬುದೇ ಈ ಸಂಶೋಧನೆಯ ಸಾರ. ಕಾಡನ್ನು ಉಳಿಸುವ ಭರದಲ್ಲಿ ಅಲ್ಲಿ ಬಾಳಿದವರನ್ನು ಮರೆತರೆ, ಅವರಿಗೆ ಎರಡನೆಯ ಬಾರಿ ಅನ್ಯಾಯ ಮಾಡಿದಂತಾಗುತ್ತದೆ. ಅದನ್ನು ತಡೆಯುವ ಸಾಕ್ಷ್ಯವನ್ನು ಸಂಗ್ರಹಿಸಿ, ಸಾಮಾನ್ಯ ಓದುಗನಿಗೂ ತಿಳಿಯುವ ಮಾತಿನಲ್ಲಿ ಮುಂದಿಡುವುದು ಇತಿಹಾಸದ ಅಧ್ಯಾಪಕನ ಕರ್ತವ್ಯಗಳಲ್ಲಿ ಒಂದು.